ಅಮೆರಿಕದವರು ಎರಡನೇ ಸಂವಿಧಾನ ಬರೆದದ್ದು ಯಾಕೆ?

ತುಮಕೂರು ಹುಡುಗ: ಕೆಎಎಸ್‌ಗೆ ಓದುತ್ತಿದ್ದೇನೆ. ಸ್ವಾತಂತ್ರ್ಯ ಘೋಷಿಸಿದ್ದು 1776ರಲ್ಲಿ, ಸಂವಿಧಾನ ಬರೆದದ್ದು 1787ರಲ್ಲಿ. ನಡುವೆ ಆಳಿದ್ದು ಯಾರು? ನೋಟ್ಸಲ್ಲಿ ಇರೋದು ಒಂದೇ ಸಾಲು, ಅದರ ಮೇಲೂ ಟೀ ಚೆಲ್ಲಿದೆ.

ಕೋಲಾರದ ಮೇಷ್ಟ್ರು: 1781ರಿಂದ ಒಕ್ಕೂಟದ ಒಪ್ಪಂದ ಅಂತ ಒಂದು ಜಾರಿಯಲ್ಲಿತ್ತಪ್ಪಾ, ಅದೇ ಅವರ ಮೊದಲ ಸಂವಿಧಾನ. ಹೆಸರಿಗೆ ಕಾಂಗ್ರೆಸ್ ಅನ್ನೋ ಕೇಂದ್ರ ಸಭೆ ಇತ್ತು, ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. 13 ರಾಜ್ಯಗಳ ಮುಂದೆ ಕೈ ಚಾಚಬೇಕು, ನಮ್ಮ ಬೀದಿ ಗಣೇಶನ ಚಂದಾ ಥರ, ಕೊಟ್ಟರೆ ಕೊಟ್ಟರು, ಇಲ್ಲಾಂದ್ರೆ ‘ನಾಳೆ ಬನ್ನಿ’. ತಿದ್ದುಪಡಿಗೆ ಎಲ್ಲ ರಾಜ್ಯಗಳೂ ಒಪ್ಪಬೇಕು. ಆಮದು ಸುಂಕ ಹಾಕೋಣ ಅಂದಾಗ ರೋಡ್ ಐಲೆಂಡ್ ಬೇಡ ಅಂದಿತು.

ಚಿಂತಾಮಣಿ ಟೊಮ್ಯಾಟೊ: ರೈತರನ್ನು ಮರೆತಿರಲ್ಲ ಸಾರ್! ಸಾಲ, ತೆರಿಗೆ ತಾಳಲಾರದೆ ಮ್ಯಾಸಚೂಸೆಟ್ಸ್ ರೈತರು 1786ರಲ್ಲಿ ಕೋರ್ಟುಗಳನ್ನೇ ನಡೆಯಲು ಬಿಡಲಿಲ್ಲ. ಡೇನಿಯಲ್ ಶೇಸ್ ಅವರ ಮುಂದಾಳುಗಳಲ್ಲೊಬ್ಬ. ದೊಡ್ಡವರು ಬೆಚ್ಚಿದರು. ಮರುವರ್ಷ ಫಿಲಡೆಲ್ಫಿಯಾದಲ್ಲಿ, ಹೊಸ ಸಂವಿಧಾನ ಬರೆದ ಸಭೆಯಲ್ಲಿ, ಮಾತು ಹೊರಗೆ ಹೋಗಬಾರದು ಅಂತ ಬೇಸಿಗೆಯಲ್ಲೂ ಕಿಟಕಿ ಮುಚ್ಚಿಕೊಂಡು ಕುಳಿತರು. ಬಂದವರು 55, ಸಹಿ ಹಾಕಿದವರು 39. ಯಾವ ರಾಜ್ಯಕ್ಕೆ ಎಷ್ಟು ಪ್ರತಿನಿಧಿಗಳು ಅಂತ ಜನರನ್ನು ಎಣಿಸುವಾಗ ಗುಲಾಮರನ್ನು ಮಾತ್ರ ಐದು ಜನಕ್ಕೆ ಮೂರು ಅಂತ ಎಣಿಸಿದರು, ಅದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ತುಮಕೂರು ಹುಡುಗ: ರೋಡ್ ಐಲೆಂಡ್ ಕೊನೆಗೆ ಬಂತಾ?

ಕೋಲಾರದ ಮೇಷ್ಟ್ರು: ಆ ಸಭೆಗೆ ಯಾರನ್ನೂ ಕಳಿಸಲೇ ಇಲ್ಲ. ಹೊಸ ನಿಯಮದಂತೆ 9 ರಾಜ್ಯ ಒಪ್ಪಿದರೆ ಸಾಕಿತ್ತಲ್ವಾ, ಇವರಿಗಾಗಿ ಯಾರೂ ಕಾಯಲಿಲ್ಲ. ಎಲ್ಲರಿಗಿಂತ ಕೊನೆಗೆ, 1790ರಲ್ಲಿ ಒಪ್ಪಿದರು.