ಶೇರ್ಡ್ ರೂಲ್ ಎನ್ನುವುದಕ್ಕೆ ಕನ್ನಡ ಪದ: 'ಪಾಲು' ಸರಿಯೋ, 'ಕೂಡು' ಸರಿಯೋ?

ಎಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರಿನಲ್ಲಿ ಪದವಿ ತರಗತಿಗೆ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಬೇರೆ ಬೇರೆ ದೇಶಗಳಲ್ಲಿ ರಾಜ್ಯ, ಪ್ರಾಂತ್ಯಗಳ ಕೈಯಲ್ಲಿ ಎಷ್ಟು ಅಧಿಕಾರ ಇದೆ ಎಂದು ಅಳೆಯಲು ರೀಜನಲ್ ಅಥಾರಿಟಿ ಇಂಡೆಕ್ಸ್ ಎಂಬ ಸೂಚ್ಯಂಕವಿದೆ. ಅದರಲ್ಲಿ ಅಂಕ ಎರಡು ಭಾಗ. ಪ್ರಾಂತ್ಯ ತನ್ನ ಗಡಿಯೊಳಗೆ ತಾನೇ ಆಳುವುದು ಸೆಲ್ಫ್ ರೂಲ್, ಅದಕ್ಕೆ ಹೆಚ್ಚೆಂದರೆ 18. ಇಡೀ ದೇಶದ ತೀರ್ಮಾನದಲ್ಲಿ ಅದರ ಮಾತೂ ನಡೆಯುವುದು ಶೇರ್ಡ್ ರೂಲ್, ಅದಕ್ಕೆ 12.

ಮೊದಲನೆಯದಕ್ಕೆ 'ಸ್ವಂತ ಆಳ್ವಿಕೆ' ಎಂದೆ. 'ಸ್ವಾಯತ್ತತೆ' ಅಂದರೆ ಮಕ್ಕಳಿಗೆ ಸ್ವಾಯತ್ತ ಕಾಲೇಜೇ ನೆನಪಾಗುತ್ತದೆ.

ತೊಡಕಾಗಿದ್ದು ಎರಡನೆಯದು. ಬೋರ್ಡಿನ ಮೇಲೆ 'ಪಾಲು ಆಳ್ವಿಕೆ' ಎಂದು ಬರೆದೆ. ಒಬ್ಬ ಹುಡುಗಿ ಕೇಳಿದಳು, "ಅಂದ್ರೆ ಬೇರೆ ಆಗೋದಾ ಮೇಡಂ?" ಅವಳು ಹೇಳಿದ್ದು ಸರಿ. ನಮ್ಮ ಕಡೆ 'ಅವರ ಮನೇಲಿ ಪಾಲಾಯ್ತು' ಅಂದರೆ ಅಣ್ಣತಮ್ಮಂದಿರು ತೋಟ ಹಂಚಿಕೊಂಡು ಬೇರೆ ಒಲೆ ಹೂಡಿದರು ಎಂದೇ ಅರ್ಥ. ನಾನು ಹೇಳಬೇಕಾದ್ದಕ್ಕೆ ಪೂರ್ತಿ ಉಲ್ಟಾ! ಜರ್ಮನಿಯಲ್ಲಿ 16 ರಾಜ್ಯಗಳ ಸರ್ಕಾರಗಳೇ ದೇಶದ ಮೇಲ್ಮನೆಯಾದ ಬುಂಡೆಸ್‌ರಾಟ್‌ನಲ್ಲಿ ಕೂತು ದೇಶದ ಕಾನೂನಿಗೆ ಮತ ಹಾಕುತ್ತವೆ. ಅದೂ ಒಂದು ರಾಜ್ಯದ ಮತವೆಲ್ಲ ಒಟ್ಟಿಗೇ ಬೀಳಬೇಕು. ನಮ್ಮ ರಾಜ್ಯಸಭೆಯವರನ್ನು ಶಾಸಕರು ಆರಿಸುತ್ತಾರೆ, ಆಮೇಲೆ ಹೀಗೇ ಮತ ಹಾಕಿ ಎಂದು ರಾಜ್ಯ ಸರ್ಕಾರ ಅಪ್ಪಣೆ ಕೊಡುವಂತಿಲ್ಲ. ಜರ್ಮನಿಯದು ಒಂದೇ ಜಗಲಿಯಲ್ಲಿ ಕೂತು ಮಾಡುವ ತೀರ್ಮಾನ. ಹಾಗಾಗಿ ಕೂಡುಕುಟುಂಬದ 'ಕೂಡು' ಹಿಡಿದು 'ಕೂಡಾಳ್ವಿಕೆ' ಎಂದು ತಿದ್ದಿದೆ. ಕಿವಿಗೆ ಹಿತವಾಗಿದೆಯಾ?

ಇನ್ನೊಂದು, 'ವಿಕೇಂದ್ರೀಕರಣ'. ಈ ಒಂದೇ ಪದಕ್ಕೆ ಜಾಸ್ತಿ ಹೊರೆ ಹೊರಿಸಿದ್ದೇವೆ. ಕಳಸ, ಅಜ್ಜಂಪುರ ತಾಲ್ಲೂಕಾದವು, ತಹಸೀಲ್ದಾರ್ ಕಚೇರಿ ಹತ್ತಿರ ಬಂತು. ಜನರ ಓಡಾಟ ತಪ್ಪಿತು, ಬಹಳ ಒಳ್ಳೆಯದು. ಆದರೆ ತಹಸೀಲ್ದಾರ್ ಲೆಕ್ಕ ಒಪ್ಪಿಸುವುದು ಮೇಲಿನವರಿಗೇ ಅಲ್ವಾ? ಗ್ರಾಮ ಪಂಚಾಯಿತಿ ಹಾಗಲ್ಲ. ಅಲ್ಲಿ ಕೂತವರನ್ನು ಊರವರೇ ಆರಿಸಿರುತ್ತಾರೆ, ಮನೆ ಕಂದಾಯವನ್ನೂ ಅದೇ ಹಾಕುತ್ತದೆ. ಸೂಚ್ಯಂಕವೂ ಇವೆರಡನ್ನು ಬೆರೆಸುವುದಿಲ್ಲ. ಮೇಲಿನವರ ಶಾಖೆಯಂತೆ ನಡೆಯುವ ಪ್ರಾಂತ್ಯಾಡಳಿತಕ್ಕೆ ಸೆಲ್ಫ್ ರೂಲ್ ಭಾಗದ ಮೊದಲ ಪ್ರಶ್ನೆಯಲ್ಲಿ 3ಕ್ಕೆ 1 ಅಂಕ ಅಷ್ಟೇ.

ತಹಸೀಲ್ದಾರ್ ಕಚೇರಿಯಂಥದ್ದಕ್ಕೆ 'ಕಚೇರಿ ಹಂಚಿಕೆ' ಎನ್ನಬಹುದು. ಪಂಚಾಯಿತಿಯಂಥದ್ದಕ್ಕೆ 'ಅಧಿಕಾರ ವರ್ಗಾವಣೆ' ಅಂದರೆ ನೌಕರರ ಟ್ರಾನ್ಸ್‌ಫರ್ ನೆನಪಾಗುತ್ತದೆ. 'ಅಧಿಕಾರ ಬಿಟ್ಟುಕೊಡುವುದು' ಎಂದೇ ಬರೆದರೆ ಪರೀಕ್ಷೆಯ ಉತ್ತರಕ್ಕೆ ಉದ್ದವಾಯಿತಾ? ಹಾಸನದ ಕಡೆಯವರು 'ಪಾಲು' ಪದವನ್ನು ಬೇರೆಯಾಗದೆ ಜೊತೆಗಿರುವ ಅರ್ಥದಲ್ಲೂ ಬಳಸುತ್ತೀರಾ, ತಿಳಿಸಿ.