ಸಹಾಯ ಬೇಕು: ಶಿಬಿರದ ಊಟಕ್ಕೆ ಅಕ್ಕಿ ಅಳತೆ ಹೊಂದುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ಮಕ್ಕಳ ಬೇಸಿಗೆ ಶಿಬಿರ ನಡೀತಾ ಇದೆ, ಅಡುಗೆಮನೆ ಉಸ್ತುವಾರಿ ನನ್ನದು. 8ರಿಂದ 14 ವರ್ಷದ 60 ಮಕ್ಕಳು, ಎಲ್ಲರೂ ಇಲ್ಲೇ ಉಳಿಯುತ್ತಾರೆ.

ಶಾಲೆಯ ಬಿಸಿಯೂಟದ ಲೆಕ್ಕವನ್ನೇ ಎರಡೂ ಹೊತ್ತಿಗೆ ಹಿಡಿದಿದ್ದೇನೆ. 5ನೇ ತರಗತಿವರೆಗಿನವರಿಗೆ ತಲೆಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ. ಅದಕ್ಕಿಂತ ದೊಡ್ಡವರಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ. ಆದರೆ ಮಧ್ಯಾಹ್ನ ಅನ್ನ ಉಳಿಯುತ್ತದೆ, ಮಜ್ಜಿಗೆ ಮಾತ್ರ ಎಷ್ಟು ಮಾಡಿದರೂ ಸಾಲುವುದಿಲ್ಲ. ಈ ಸೆಕೆಗೆ ಅನ್ನ ಯಾರಿಗೆ ಸೇರುತ್ತದೆ ಹೇಳಿ! ರಾತ್ರಿ ಪೂರಾ ಉಲ್ಟಾ. ಸಂಜೆ ಕಬಡ್ಡಿ, ಖೋ ಖೋ ಆಡಿ ಬಂದವರು ಎರಡೆರಡು ಸಲ ಹಾಕಿಸಿಕೊಳ್ಳುತ್ತಾರೆ. ಬಡಿಸುವ ಪಾಳಿಯ ಮಕ್ಕಳು ಕೊನೇ ಪಂಕ್ತಿಗೆ ಕೂರುವಷ್ಟರಲ್ಲಿ ಪಾತ್ರೆ ಖಾಲಿ. ಪಾಪ, ಕೆಲಸ ಮಾಡಿದವರಿಗೇ ಊಟ ಇಲ್ಲ.

ಮಧ್ಯಾಹ್ನದ ಅಕ್ಕಿ ಇಳಿಸಿ ನೋಡಿದೆ. ಅವತ್ತು ಚಿತ್ರಾನ್ನ ಇತ್ತು, ಚೂರೂ ಉಳಿಯದೆ ಇನ್ನೂ ಬೇಕು ಅಂದರು. ಸಂಜೆ ಅವಲಕ್ಕಿ ಕೊಟ್ಟರೆ ಚಿಕ್ಕವರು ರಾತ್ರಿ ಊಟವನ್ನೇ ಬಿಡುತ್ತಾರೆ, ದೊಡ್ಡವರ ಹಸಿವು ಹಾಗೇ ಇರುತ್ತದೆ. ಮಧ್ಯಾಹ್ನದ ಅನ್ನ ರಾತ್ರಿಗೆ ಇಡೋಣ ಅಂದರೆ ಹಳಸುವ ಭಯ. ಮಕ್ಕಳ ವಿಷಯ, ಆ ಧೈರ್ಯ ನನಗಿಲ್ಲ.

ಹಾಸ್ಟೆಲ್, ವಸತಿ ಶಾಲೆಗಳಲ್ಲಿ ಅಡುಗೆ ನೋಡಿಕೊಂಡವರು ಇದ್ದರೆ ದಯವಿಟ್ಟು ಹೇಳಿ. ಇಷ್ಟು ಮಕ್ಕಳಿಗೆ ಮಧ್ಯಾಹ್ನ ಎಷ್ಟು ಕೆಜಿ ಅಕ್ಕಿ, ರಾತ್ರಿ ಎಷ್ಟು ಕೆಜಿ ಹಾಕುತ್ತೀರಿ? ಅನ್ನ ಸಾರಿನ ದಿನಕ್ಕೂ ಚಿತ್ರಾನ್ನದ ದಿನಕ್ಕೂ ಬೇರೆ ಬೇರೆ ಅಳತೆ ಇಡುತ್ತೀರಾ?