ಹಡಗಿನಲ್ಲಿ ದುಡಿದ ಅಜ್ಜಂದಿರ ದಾಖಲೆ ಹುಡುಕುವುದು ಹೇಗೆ? (ಪ್ರಶ್ನೋತ್ತರ)

ಈ ವಾರ ಗುಂಪಿನವರ ಪ್ರಶ್ನೆಗಳಿಗೆ ಉತ್ತರಿಸುತ್ತಿರುವವರು ಹಡಗು ಕಾರ್ಮಿಕರ ಹಳೆಯ ಕಡತಗಳ ಮೇಲೆ ಕೆಲಸ ಮಾಡುವ ದಾಖಲೆ ಸಂಶೋಧಕಿ.

ಪ್ರಶ್ನೆ (ಹೊನ್ನಾವರದಿಂದ): ಮೇಡಂ, ನಮಸ್ಕಾರ. ನನ್ನ ಅಮ್ಮನ ಅಪ್ಪ ಮುಂಬಯಿಯಿಂದ ಹಡಗಿಗೆ ಹೋಗ್ತಿದ್ರು. ಖಲಾಸಿ ಕೆಲಸ. ಅಮ್ಮನಿಗೆ ‘ಕರಂಜ’ ಅನ್ನೋ ಹಡಗಿನ ಹೆಸರು ಮಾತ್ರ ನೆನಪಿದೆ. ಆಫ್ರಿಕಾಕ್ಕೆ ಹೋಗಿ ಬರುವಾಗ ಲವಂಗ ತರ್ತಿದ್ರಂತೆ. 1960ರ ಸುಮಾರಿಗೆ ಕೆಲಸ ಬಿಟ್ಟು ಊರಿಗೆ ಬಂದರು. ಅಜ್ಜನ ಹೆಸರು ಹಾಕಿ ನೆಟ್‌ನಲ್ಲಿ ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಅಜ್ಜನ ಹೆಸರನ್ನು ಸದ್ಯ ಬದಿಗಿಡಿ, ಮೊದಲು ಹಡಗನ್ನು ಹುಡುಕಿ. ಬ್ರಿಟನ್ನಿನಲ್ಲಿ ನೋಂದಾಯಿಸಿದ ಹಡಗು ಯಾನಕ್ಕೆ ಹೊರಡುವ ಮೊದಲು ನಾವಿಕರೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕಿತ್ತು. ಕೆಲಸಕ್ಕೆ ಸೇರಿದವರ ಪಟ್ಟಿಯೂ ಅದರ ಜೊತೆಗೇ ಇರುತ್ತದೆ. ಈ ಪಟ್ಟಿಗಳನ್ನು ನಾವಿಕರ ಹೆಸರಿನ ಮೇಲೆ ಜೋಡಿಸಿಲ್ಲ, ಹಡಗಿನ ‘ಅಫಿಶಿಯಲ್ ನಂಬರ್’ ಮೇಲೆ ಜೋಡಿಸಿದ್ದಾರೆ. ಹಡಗಿನ ಹೆಸರು ಬದಲಾದರೂ, ಮಾಲೀಕರು ಬದಲಾದರೂ ಆ ನಂಬರ್ ಬದಲಾಗುವುದಿಲ್ಲ. ಕ್ರೂ ಲಿಸ್ಟ್ ಇಂಡೆಕ್ಸ್ ಪ್ರಾಜೆಕ್ಟ್ ಎಂಬ ಜಾಲತಾಣದಲ್ಲಿ ಹಡಗಿನ ಹೆಸರು ಕೊಟ್ಟರೆ ನಂಬರ್ ಉಚಿತವಾಗಿ ಸಿಗುತ್ತದೆ.

ನಿಮ್ಮ ಅಮ್ಮನಿಗೆ ಆ ಒಂದು ಹೆಸರು ನೆನಪಿರುವುದೇ ದೊಡ್ಡ ಆಸ್ತಿ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಹಡಗುಗಳಿಗೆ ಹೆಚ್ಚಾಗಿ ‘ಆ’ಕಾರದಲ್ಲಿ ಮುಗಿಯುವ ಹೆಸರಿರುತ್ತಿತ್ತು: ತಿಲಾವಾ, ದ್ವಾರ್ಕಾ, ಕಂಪಾಲಾ, ಕರಂಜಾ. ಆದರೆ ಆ ಕಂಪನಿಗೆ ಎರಡು ಕರಂಜಾ ಇದ್ದವು. ಮೊದಲನೆಯದು 1931ರದ್ದು, 1942ರ ನವೆಂಬರಿನಲ್ಲಿ ಅಲ್ಜೀರಿಯಾದ ಬೂಜಿ ಬಂದರಿನಲ್ಲಿ ಬಾಂಬ್ ದಾಳಿಗೆ ಸಿಕ್ಕಿ ಮುಳುಗಿತು. ಎರಡನೆಯದು ಬಂದದ್ದು 1948ರಲ್ಲಿ, ಮುಂಬಯಿ–ಪೂರ್ವ ಆಫ್ರಿಕಾ ಮಾರ್ಗಕ್ಕೆ. ಅಜ್ಜ 1960ರವರೆಗೆ ದುಡಿದರು, ಲವಂಗ ತಂದರು ಅಂದರೆ ಎರಡನೆಯದೇ ಇರಬಹುದು. ಆದರೂ ಯುದ್ಧದ ಕಾಲದಲ್ಲೂ ಅವರು ಹಡಗಿನಲ್ಲಿದ್ದರೇ ಎಂದು ಅಮ್ಮನನ್ನು ಕೇಳಿ. ಎರಡರ ನಂಬರ್ ಬೇರೆ ಬೇರೆ, ಕಡತಗಳೂ ಬೇರೆ ಬೇರೆ.

ಇನ್ನು ಪಟ್ಟಿಗಳು ಎಲ್ಲಿವೆ ಅನ್ನುವುದು. 1939ರಿಂದ 1950ರವರೆಗಿನವು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ಬಿಟಿ 381 ಸರಣಿಯಲ್ಲಿವೆ. 1951ರ ನಂತರದವು ಹಂಚಿಹೋಗಿವೆ. ನೂರಕ್ಕೆ ಹತ್ತರಷ್ಟನ್ನು ಮಾದರಿಯೆಂದು ಕ್ಯೂನಲ್ಲಿ ಉಳಿಸಿಕೊಂಡರು. 1955, 1965ರಂತೆ ಐದರಲ್ಲಿ ಕೊನೆಯಾಗುವ ವರ್ಷಗಳವು ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಮ್ಮಿಗೆ ಹೋದವು. ಉಳಿದ ಬಹುಪಾಲು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್ ನಗರದಲ್ಲಿ, ಮೆಮೋರಿಯಲ್ ವಿಶ್ವವಿದ್ಯಾಲಯದ ಮ್ಯಾರಿಟೈಮ್ ಹಿಸ್ಟರಿ ಆರ್ಕೈವ್‌ನಲ್ಲಿದೆ. ಹೊನ್ನಾವರದ ಖಲಾಸಿಯ ಹೆಸರನ್ನು ಅಟ್ಲಾಂಟಿಕ್ ಆಚೆ ಹುಡುಕಬೇಕಾದೀತು. ದೂರವೆಂದು ಕೈಬಿಡಬೇಡಿ. ಇಮೇಲ್ ಬರೆದರೆ ಅವರು ಉತ್ತರಿಸುತ್ತಾರೆ. ಪ್ರತಿ ತರಿಸಲು ಶುಲ್ಕವಿದೆ. ಮುಂಬಯಿಯಲ್ಲೇ ಸಹಿಯಾದ ಒಪ್ಪಂದದ ಪ್ರತಿ ಪ್ರತಿಯೊಂದು ಕಡತದಲ್ಲೂ ಇರುತ್ತದೆಂದು ನಂಬಬೇಡಿ. ಆ ಹಡಗಿನ ಆ ವರ್ಷದ ಕಡತದಲ್ಲಿ ಭಾರತೀಯ ನಾವಿಕರ ಪಟ್ಟಿ ಇದೆಯೇ ಎಂದು ಕೇಳಿಕೊಂಡೇ ಹಣ ಕಟ್ಟಿ.

ಪ್ರಶ್ನೆ (ಅವರೇ): ಮೇಡಂ, ಚಿಕ್ಕಮ್ಮನ ಮನೆಯಲ್ಲಿ ಅಜ್ಜನ ಹಳೆ ಪುಸ್ತಕ ಸಿಕ್ಕಿತು! ರಟ್ಟು ಹರಿದಿದೆ, ಫೋಟೋ ಇದೆ. ಒಳಗೆ ಸಾಲುಸಾಲು ನಂಬರ್, ಠಸ್ಸೆ. ಏನೂ ಅರ್ಥ ಆಗ್ತಿಲ್ಲ.

ಉತ್ತರ: ಬಹಳ ಸಂತೋಷವಾಯಿತು. ಅದು ಸಿಡಿಸಿ, ನಾವಿಕನ ಸೇವಾ ಪುಸ್ತಕ. ದಯವಿಟ್ಟು ಅದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ. ಹಗಲು ಬೆಳಕಿನಲ್ಲಿ ಖಾಲಿ ಪುಟಗಳನ್ನೂ ಸೇರಿಸಿ ಪ್ರತಿ ಪುಟದ ಫೋಟೋ ತೆಗೆದಿಡಿ.

ಒಂದೊಂದು ಸಾಲು ಒಂದೊಂದು ನೌಕರಿ. ಹಡಗಿನ ಹೆಸರಿನ ಹತ್ತಿರ ಆರಂಕಿಯ ಸಂಖ್ಯೆ ಇದ್ದರೆ ಅದೇ ಅಫಿಶಿಯಲ್ ನಂಬರ್. ಪಕ್ಕದಲ್ಲಿ ನಾಲ್ಕೈದು ಅಂಕಿಯದ್ದು ಕಂಡರೆ ಅದು ಹಡಗಿನ ಟನ್ನೇಜ್ (ಗಾತ್ರದ ಅಳತೆ), ಎರಡನ್ನೂ ಬೆರೆಸಬೇಡಿ. ಆಮೇಲೆ ಸೇರಿದ ದಿನ, ಬಂದರು, ಹುದ್ದೆ, ಬಿಡುಗಡೆಯಾದ ದಿನ. ಕೊನೆಯ ಠಸ್ಸೆಗಳು ಕೆಲಸಕ್ಕೊಂದು, ನಡತೆಗೊಂದು. ಅಲ್ಲಿ ‘ವೆರಿ ಗುಡ್’ ಎಂದಿದ್ದರೆ ಅಮ್ಮನಿಗೆ ಮರೆಯದೆ ಓದಿ ಹೇಳಿ. ಆ ಠಸ್ಸೆ ಇಲ್ಲದವನಿಗೆ ಮುಂದಿನ ಹಡಗು ಸಿಗುವುದು ಕಷ್ಟವಿತ್ತು.

ಪಟ್ಟಿ ಕೈಗೆ ಬಂದಾಗ ಅಜ್ಜನ ಸಾಲನ್ನಷ್ಟೇ ನೋಡಿ ಮುಚ್ಚಿಡಬೇಡಿ. ಡೆಕ್ಕಿನ ಮೇಲಿನವರು ಒಬ್ಬೊಬ್ಬರಾಗಿ ಕೆಲಸಕ್ಕೆ ಸೇರುತ್ತಿರಲಿಲ್ಲ. ಒಬ್ಬ ಸೆರಾಂಗ್, ಅಂದರೆ ತಂಡದ ಮುಖ್ಯಸ್ಥ, ತನ್ನ ಊರು, ಅಕ್ಕಪಕ್ಕದ ಊರುಗಳಿಂದ ಜನ ಕಟ್ಟಿಕೊಂಡು ಬರುತ್ತಿದ್ದ. ಅವನ ಕೆಳಗೆ ಟಿಂಡಾಲ್ (ಅವನ ಸಹಾಯಕ), ಕಸಬ್ (ಉಗ್ರಾಣ ನೋಡುವವ), ಖಲಾಸಿಗಳು, ಅಡುಗೆಗೆ ಭಂಡಾರಿ. ಹೆಚ್ಚಿನ ಡೆಕ್ ತಂಡಗಳು ರತ್ನಾಗಿರಿ, ಕಾಠಿಯಾವಾಡ ಕಡೆಯವು, ಊಟದ ಸಲೂನಿನ ಕೆಲಸಕ್ಕೆ ಗೋವಾದವರು, ಎಂಜಿನ್ ಕೋಣೆಗೆ ಪಂಜಾಬಿನವರು. ಹಾಗಾಗಿ ಅಸ್ಪಷ್ಟವಾಗಿ ಬರೆದ ಒಂದು ಹೆಸರಿನ ಮೇಲೆ ಕೆಳಗೆ ನಿಮ್ಮ ಊರಿನ ಸುತ್ತಿನವರೇ ಇದ್ದರೆ ಅದು ನಿಮ್ಮ ಅಜ್ಜನೇ ಎಂದು ಧೈರ್ಯವಾಗಿ ಹೇಳಬಹುದು. ಬರೀ ಹೆಸರು ಹೊಂದಿದರೆ ನಾನು ಒಪ್ಪುವುದಿಲ್ಲ. ಒಂದೇ ಹೆಸರಿನ ಮೂವರು ಒಂದೇ ಹಡಗಿನಲ್ಲಿರುವುದು ಸಾಮಾನ್ಯ.

ಪ್ರಶ್ನೆ (ಕಾರವಾರದಿಂದ): ನಮ್ಮ ಮುತ್ತಜ್ಜ ಮೊದಲ ಮಹಾಯುದ್ಧದ ಹೊತ್ತಿಗೆ ಪಿ ಆ್ಯಂಡ್ ಓ ಅನ್ನೋ ಬ್ರಿಟಿಷ್ ಕಂಪನಿಯ ಹಡಗಿನಲ್ಲಿ ಬಟ್ಲರ್ ಆಗಿದ್ದವರು ತಿರುಗಿ ಬರಲೇ ಇಲ್ಲ. ಮುತ್ತಜ್ಜಿ ಕೊನೆವರೆಗೂ ಕಾದರಂತೆ. ಏನಾಯಿತು ಅಂತ ಈಗಲಾದರೂ ಗೊತ್ತಾಗಬಹುದಾ ಅಕ್ಕಾ?

ಉತ್ತರ: ಗೊತ್ತಾಗುವ ಸಾಧ್ಯತೆ ಖಂಡಿತ ಇದೆ ತಮ್ಮಾ. ಆದರೆ ಒಂದು ಕಹಿ ಸತ್ಯ ಮೊದಲೇ ಹೇಳಿಬಿಡುತ್ತೇನೆ. ಬ್ರಿಟನ್ ಸರಕಾರ ನಾವಿಕರ ಕೇಂದ್ರ ನೋಂದಣಿಯನ್ನು 1913ರಲ್ಲಿ ಮತ್ತೆ ಶುರು ಮಾಡಿತ್ತು. ಅದರಲ್ಲಿ 1913–18ರ ಕಾರ್ಡುಗಳನ್ನು 1969ರಲ್ಲಿ ನಾಶ ಮಾಡಿದರು. ಯಾರಾದರೂ ಆ ಕಾರ್ಡು ಹುಡುಕಿಕೊಡುತ್ತೇನೆಂದು ದುಡ್ಡು ಕೇಳಿದರೆ ಕೊಡಬೇಡಿ.

ಉಳಿದಿರುವ ದಾರಿಗಳಲ್ಲಿ ಮೊದಲನೆಯದು 1915ರ ನಾವಿಕ ಪಟ್ಟಿ. ಗ್ರೀನಿಚ್ ಮ್ಯೂಸಿಯಂ, ಕ್ಯೂ ಆರ್ಕೈವ್ಸ್ ಸೇರಿ ಆ ಒಂದು ವರ್ಷದ ಪಟ್ಟಿಗಳನ್ನು ಪೂರ್ತಿ ನೆಟ್‌ಗೆ ಹಾಕಿದ್ದಾರೆ. ಹೆಸರು, ಹುಟ್ಟಿದ ಊರು, ಹಡಗು, ಯಾವುದರಿಂದಲೂ ಉಚಿತವಾಗಿ ಹುಡುಕಬಹುದು. ಊರನ್ನು ಇಂಗ್ಲಿಷರ ಕಿವಿಗೆ ಕೇಳಿಸಿದಂತೆಲ್ಲ ಬರೆದು ನೋಡಿ: ಕಾರವಾರಕ್ಕೆ ಕೆ ಬದಲು ಸಿ ಅಕ್ಷರ, ಹೊನ್ನಾವರಕ್ಕೆ ‘ಹೊನೋರ್’, ‘ಒನೋರ್’. ಕೆಲವೊಮ್ಮೆ ಬರೀ ‘ಬಾಂಬೆ’.

ಎರಡನೆಯದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣ. ಸಮುದ್ರದಲ್ಲಿ ಸತ್ತು ಸಮಾಧಿಯೇ ಇಲ್ಲದ ಭಾರತೀಯ ನಾವಿಕರಿಗಾಗಿ ಮುಂಬಯಿಯ ಮಸ್ಜಿದ್ ಬಂದರ್ ಹತ್ತಿರದ ಸೇಲರ್ಸ್ ಹೋಮಿನಲ್ಲಿ ಸ್ಮಾರಕವಿದೆ. ಮೊದಲ ಯುದ್ಧದ 2,000ಕ್ಕೂ ಹೆಚ್ಚು ಮಂದಿ ಅದರಲ್ಲಿದ್ದಾರೆ. ಆದರೆ ಇಲ್ಲಿ ಸೇರುವುದು ಶತ್ರುವಿನ ದಾಳಿಯಿಂದ ಸತ್ತ ವ್ಯಾಪಾರಿ ನಾವಿಕರು. ಜ್ವರ ಬಂದು ಹಡಗಿನಲ್ಲಿ ತೀರಿಕೊಂಡಿದ್ದರೆ ಕ್ಯೂನ ಬಿಟಿ 334, ಅಂದರೆ ಸಮುದ್ರದ ಮೇಲಿನ ಮರಣಗಳ ರಿಜಿಸ್ಟರ್ ನೋಡಬೇಕು.

ವರ್ಷ ಸರಿಯಾಗಿ ಗೊತ್ತಿಲ್ಲದಿದ್ದರೆ ಮುಳುಗಿದ ಹಡಗುಗಳಿಂದ ಹಿಂದಕ್ಕೆ ಬನ್ನಿ. ಪಿ ಆ್ಯಂಡ್ ಓ ಕಂಪನಿಯ ಪರ್ಷಿಯಾ 1915ರ ಡಿಸೆಂಬರ್ 30ರಂದು, ಮುಂಬಯಿಗೆ ಬರುತ್ತಿದ್ದಾಗ ಕ್ರೀಟ್ ದ್ವೀಪದ ಬಳಿ ಜರ್ಮನ್ ಸಬ್‌ಮರೀನಿನ ಏಟಿಗೆ ಮುಳುಗಿತು. 340ಕ್ಕೂ ಹೆಚ್ಚು ಜನ ಸತ್ತರು. ಅದೇ ಕಂಪನಿಯ ಮಂಗೋಲಿಯಾ 1917ರ ಜೂನ್ 23ರಂದು ಮುಂಬಯಿಯಿಂದ ಹೆಚ್ಚು ದೂರವಿಲ್ಲದ ಕಡೆಯೇ ಜರ್ಮನರು ಹಾಕಿದ್ದ ಮೈನ್‌ಗೆ ತಾಗಿ ಹೋಯಿತು. ಮನೆಯಲ್ಲಿ ತಿಥಿ ಅಥವಾ ಮಿಸ್ಸಾ (ಚರ್ಚಿನ ಪೂಜೆ) ಯಾವ ತಿಂಗಳಲ್ಲಿ ಮಾಡುತ್ತಿದ್ದರು ಎಂದು ಹಿರಿಯರನ್ನು ವಿಚಾರಿಸಿ. ಅದೂ ಒಂದು ಸುಳಿವು. ಕ್ರೈಸ್ತ ಕುಟುಂಬವಾಗಿದ್ದು ಗೋವಾದ ನಂಟಿದ್ದರೆ ಮುಂಬಯಿಯ ಧೋಬಿ ತಲಾವ್ ಸುತ್ತಲಿನ ಗೋವನ್ನರ ‘ಕೂಡ್’ಗಳಲ್ಲೂ ಕೇಳಬಹುದು. ಹಡಗಿಗಾಗಿ ಕಾಯುವವರು ಉಳಿಯುತ್ತಿದ್ದ ಊರುವಾರು ಕ್ಲಬ್ಬುಗಳು ಅವು.

ಪ್ರಶ್ನೆ (ಕುಂದಾಪುರದಿಂದ): ನಮ್ಮ ದೊಡ್ಡಜ್ಜ ಮಂಜಿಯಲ್ಲಿ ಹೆಂಚು ಹೇರಿಕೊಂಡು ಹೋಗುತ್ತಿದ್ದರು. ಅವರ ಹೆಸರೂ ಲಂಡನ್ನಿನಲ್ಲಿ ಇದ್ದೀತಾ?

ಉತ್ತರ: ಇರಲಾರದು. ಮೇಲೆ ಹೇಳಿದ್ದೆಲ್ಲ ಬ್ರಿಟನ್ನಿನಲ್ಲಿ ನೋಂದಾಯಿಸಿದ ಹಡಗುಗಳ ಮಾತು, ಹಾಯಿಯ ಮಂಜಿ, ಪತ್ತೆಮಾರಿಗಳದ್ದು ಬೇರೆಯೇ ಲೋಕ. ಅಲ್ಲಿ ಆಳಿಗಿಂತ ಮಂಜಿಯ ಮಾಲೀಕನ ಹೆಸರು, ಸರಕು, ಬಂದರಿನ ಸುಂಕ ದಾಖಲಾದದ್ದೇ ಹೆಚ್ಚು. ಹುಡುಕುವ ಜಾಗವೂ ಜಿಲ್ಲೆಯ ಮೇಲೆ ಹೋಗುತ್ತದೆ. ಕುಂದಾಪುರವಿದ್ದ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಆದ್ದರಿಂದ ಚೆನ್ನೈನ ತಮಿಳುನಾಡು ಆರ್ಕೈವ್ಸ್. 1862ರಲ್ಲಿ ಬಾಂಬೆ ಪ್ರಾಂತ್ಯಕ್ಕೆ ಹೋದ ಉತ್ತರ ಕನ್ನಡದವರಾದರೆ ಮುಂಬಯಿಯ ಮಹಾರಾಷ್ಟ್ರ ಸ್ಟೇಟ್ ಆರ್ಕೈವ್ಸ್. ಅದಕ್ಕೂ ಮೊದಲು ಮಂಜಿ ಯಾರದ್ದಾಗಿತ್ತು ಎಂದು ಪತ್ತೆ ಮಾಡಿ ಆ ಮನೆಯವರನ್ನು ಮಾತಾಡಿಸಿ. ಹಳೆ ಲೆಕ್ಕದ ಪುಸ್ತಕ ಅಟ್ಟದ ಮೇಲೆ ಉಳಿದಿದ್ದರೆ ಸಂಬಳ, ಮುಂಗಡದ ಕಲಮಿನಲ್ಲಿ ದೊಡ್ಡಜ್ಜನ ಹೆಸರು ಸಿಗಬಹುದು.